ನೀರು ಕಾಯಿಸಲು ಗ್ಯಾಸೋ, ಕರೆಂಟೋ? ಉತ್ತರ ಇರುವುದು ನಿಮ್ಮ ಬಿಲ್ಲಿನಲ್ಲಿ



ಗೃಹಜ್ಯೋತಿ ಯೋಜನೆ ಜಾರಿಗೆ ಬಂದಂದಿನಿಂದ ಮಳವಳ್ಳಿ, ಮದ್ದೂರು ಕಡೆಯ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ. "ಕರೆಂಟು ಬಿಟ್ಟಿ, ಗ್ಯಾಸಿಗೆ ದುಡ್ಡು. ಇನ್ನು ಮೇಲೆ ನೀರನ್ನೆಲ್ಲ ಕರೆಂಟಿನಲ್ಲೇ ಕಾಯಿಸಿಬಿಟ್ಟರೆ ಆಗದೆ?" ಸಂತೆಗೆ ಹೋದವರು ಇನ್ನೂರು ಮುನ್ನೂರು ರೂಪಾಯಿ ಕೊಟ್ಟು ಒಂದು ಕಾಯಿಲ್ ತಂದು ಬಕೆಟ್ಟಿಗೆ ಇಳಿಬಿಟ್ಟಿದ್ದೂ ಆಗಿದೆ. ಎರಡು ತಿಂಗಳು ಕಳೆದ ಮೇಲೆ ಕೆಲವರಿಗೆ ಸೊನ್ನೆ ಬಿಲ್ಲೇ ಬಂದಿದೆ, ಕೆಲವರಿಗೆ ನಾನೂರು ಐನೂರು ರೂಪಾಯಿಯ ಬಿಲ್ಲು ಬಂದಿದೆ. ಅದೇ ಬೀದಿ, ಅದೇ ಕಾಯಿಲ್, ಬಿಲ್ಲು ಮಾತ್ರ ಬೇರೆ. ಹೀಗೇಕೆ ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಲೆಕ್ಕವೆಂದೊಡನೆ ಪುಟ ತಿರುವಬೇಡಿ. ಹಾಲಿನ ಡೈರಿಯ ಲೆಕ್ಕ ಬಲ್ಲವರಿಗೆ ಇದು ಅದಕ್ಕಿಂತ ಕಷ್ಟವಲ್ಲ.

ಮೊದಲು ಒಂದು ಮೂಲ ಸಂಗತಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ನಮ್ಮ ಕಡೆ ತೊಟ್ಟಿಯ ನೀರು ಸಾಧಾರಣವಾಗಿ 25 ಡಿಗ್ರಿಯಷ್ಟಿರುತ್ತದೆ. ಅದು ಕುದಿಯುವುದು ಸುಮಾರು 100 ಡಿಗ್ರಿಗೆ. ಅಂದರೆ ಲೀಟರಿಗೆ 75 ಕಿಲೋಕ್ಯಾಲೊರಿ. ಸೌದೆಯಾಗಲಿ, ಗ್ಯಾಸಾಗಲಿ, ಕರೆಂಟಾಗಲಿ, ನೀರು ಕೇಳುವ ಶಾಖ ಇಷ್ಟೇ. ಅದು ಯಾರ ಮುಖವನ್ನೂ ನೋಡುವುದಿಲ್ಲ. ವ್ಯತ್ಯಾಸವಿರುವುದು ಆ ಶಾಖಕ್ಕೆ ನಾವು ಕೊಡುವ ಬೆಲೆಯಲ್ಲಿ ಮತ್ತು ದಾರಿಯಲ್ಲಿ ಸೋರಿಹೋಗುವ ಪಾಲಿನಲ್ಲಿ.

ಈ 75 ಕಿಲೋಕ್ಯಾಲೊರಿ ಎಷ್ಟು ದೊಡ್ಡದೆಂಬುದನ್ನು ನಮ್ಮ ಬ್ಲಫ್‌ಗಿಂತ ಚೆನ್ನಾಗಿ ತಿಳಿಸುವ ಜಾಗ ಮತ್ತೊಂದಿಲ್ಲ. ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಕಾಲುವೆಯಲ್ಲಿ ತಂದು, ಕಡಿದಾದ ಬಂಡೆಯ ಅಂಚಿನಿಂದ ಕೊಳವೆಗಳ ಮೂಲಕ ಸುಮಾರು 400 ಅಡಿ ಕೆಳಗಿರುವ ವಿದ್ಯುದಾಗಾರಕ್ಕೆ ಬಿಡುತ್ತಾರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಈ ಕೆಲಸ 1902ರಲ್ಲಿ ಮುಗಿದು, ಇಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಬೇಸಗೆಯಲ್ಲಿ ನದಿ ಬಡವಾದಾಗ ಇಲ್ಲಿನ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ ಕೈಹಾಕಿದ್ದರ ಉದ್ದೇಶಗಳಲ್ಲಿ ಬ್ಲಫ್‌ಗೆ ವರ್ಷಪೂರ್ತಿ ನೀರು ಒದಗಿಸುವುದೂ ಒಂದು. ನಿಮ್ಮ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದದ್ದು ಆ ಕಟ್ಟೆಯಿಂದಲೇ.

ಈಗ ನೋಡಿ. 400 ಅಡಿ ಎತ್ತರದಿಂದ ಬೀಳುವ ನೀರಿನಿಂದ ಒಂದು ಯೂನಿಟ್ ವಿದ್ಯುತ್ತನ್ನು ಮನೆಗೆ ಮುಟ್ಟಿಸಬೇಕಾದರೆ, ಯಂತ್ರದಲ್ಲೂ ತಂತಿಯಲ್ಲೂ ಐದರಲ್ಲೊಂದು ಪಾಲು ನಷ್ಟವೆಂದು ಹಿಡಿದರೆ, ಸುಮಾರು 3,750 ಲೀಟರ್ ನೀರು ಬೀಳಬೇಕು. ಆ ಒಂದು ಯೂನಿಟ್‌ನಿಂದ ಕುದಿಯುವುದು ಹತ್ತು ಲೀಟರ್. ಅಂದರೆ ನಿಮ್ಮ ಮನೆಯಲ್ಲಿ ಒಂದು ಲೀಟರ್ ನೀರು ಕುದಿಯಲು ಬ್ಲಫ್‌ನಲ್ಲಿ 375 ಲೀಟರ್ ನೀರು ಬಂಡೆಯಿಂದ ಇಳಿಯಬೇಕು! ಒಬ್ಬರ ಸ್ನಾನಕ್ಕೆ ಒಂದು ಬಕೆಟ್ ಬಿಸಿ ಮಾಡಲು ಸುಮಾರು 1,900 ಲೀಟರ್. ದೀಪ ಉರಿಸುವುದು, ಫ್ಯಾನ್ ತಿರುಗಿಸುವುದು ಕರೆಂಟಿಗೆ ಹಗುರವಾದ ಕೆಲಸ. ನೀರು ಕಾಯಿಸುವುದು ಭಾರದ ಕೆಲಸ. ಮನೆಯ ಮೀಟರ್ ಓಡುವುದು ದೀಪದಿಂದಲ್ಲ, ಬಚ್ಚಲಿನಿಂದ.

ಒಂದು ಯೂನಿಟ್‌ಗೆ ಹತ್ತು ಲೀಟರ್ ಎಂದು ಹೇಳಿದ್ದು ಹೇಗೆಂದರೆ, ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೋಕ್ಯಾಲೊರಿ ಶಾಖವಿದೆ. ಅದನ್ನು 75ರಿಂದ ಭಾಗಿಸಿದರೆ ಹನ್ನೊಂದೂವರೆ ಲೀಟರ್ ಬರುತ್ತದೆ. ಪಾತ್ರೆ ಬಿಸಿಯಾಗುವುದು, ಗಾಳಿಗೆ ಹೋಗುವುದು ಎಲ್ಲ ಕಳೆದರೆ ಹತ್ತು ಲೀಟರ್ ಉಳಿಯುತ್ತದೆ. ಕೆಟಲ್, ಕಾಯಿಲ್, ಇಂಡಕ್ಷನ್ ಒಲೆ ಮೂರರಲ್ಲೂ ಹೆಚ್ಚುಕಡಿಮೆ ಇಷ್ಟೇ ಎಂದು ಹಿಡಿಯಬಹುದು.

ಗ್ಯಾಸಿನ ಲೆಕ್ಕ ಹೀಗೆ. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಇದೆ. ಸಿಲಿಂಡರಿನಲ್ಲಿ 14.2 ಕಿಲೋ. ಆದರೆ ಗ್ಯಾಸ್ ಒಲೆಯ ಉರಿ ಪೂರ್ತಿ ಪಾತ್ರೆಗೆ ಸೇರುವುದಿಲ್ಲ, ಪಕ್ಕದಿಂದ ಹಾರಿಹೋಗುತ್ತದೆ. ಹೊಸ ಒಲೆ, ಅಗಲ ತಳದ ಪಾತ್ರೆಯಾದರೆ ನೂರಕ್ಕೆ 65ರಷ್ಟು ನೀರಿಗೆ ಸೇರೀತು. ಮಸಿ ಹಿಡಿದ ಬರ್ನರ್, ಸಣ್ಣ ತಪ್ಪಲೆಯಾದರೆ 50ಕ್ಕೆ ಇಳಿದೀತು. ನಡುವೆ 60 ಎಂದಿಟ್ಟುಕೊಳ್ಳಿ. ಆಗ ಒಂದು ಸಿಲಿಂಡರ್ ಸುಮಾರು 1,250 ಲೀಟರ್ ನೀರನ್ನು ಕುದಿಸುತ್ತದೆ. ಕರೆಂಟಿಗೆ ಹೋಲಿಸಿದರೆ 125 ಯೂನಿಟ್ ಮಾಡುವ ಕೆಲಸ.

ಈ 125 ಎಂಬ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಗ್ಯಾಸಿನ ಬೆಲೆ ಏರಲಿ, ಇಳಿಯಲಿ, ನೀವು ಕೊಟ್ಟ ಬೆಲೆಯನ್ನು 125ರಿಂದ ಭಾಗಿಸಿ. ಬಂದ ಮೊತ್ತಕ್ಕಿಂತ ನಿಮ್ಮ ಕರೆಂಟಿನ ಯೂನಿಟ್ ದರ ಕಡಿಮೆಯಿದ್ದರೆ ಕರೆಂಟು ಅಗ್ಗ, ಹೆಚ್ಚಿದ್ದರೆ ಗ್ಯಾಸ್ ಅಗ್ಗ.

ಗ್ಯಾಸಿನ ಬೆಲೆ ಕಳೆದ ವರ್ಷಗಳಲ್ಲಿ ಉಯ್ಯಾಲೆಯಂತೆ ಆಡಿದೆ. 2023ರ ಮಾರ್ಚಿನಲ್ಲಿ ಬೆಂಗಳೂರಿನ ಬೆಲೆ 1,105 ರೂಪಾಯಿ 50 ಪೈಸೆಗೆ ಮುಟ್ಟಿತ್ತು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಕೇಂದ್ರ ಸರ್ಕಾರ 200 ರೂಪಾಯಿ ಇಳಿಸಿತು. ಲೋಕಸಭಾ ಚುನಾವಣೆಗೆ ಮುಂಚೆ 2024ರ ಮಾರ್ಚಿನಲ್ಲಿ ಇನ್ನೂ ನೂರು ಇಳಿದು 805ಕ್ಕೆ ಬಂತು. 2025ರ ಏಪ್ರಿಲ್‌ನಲ್ಲಿ 50 ಏರಿ 855 ರೂಪಾಯಿ 50 ಪೈಸೆಯಾಯಿತು. ನಾವು ಉರಿಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಡಗಿನಲ್ಲಿ ಹೊರದೇಶದಿಂದ ಬರುವುದಾದ್ದರಿಂದ ಈ ಏರಿಳಿತ ಮುಂದೆಯೂ ತಪ್ಪಿದ್ದಲ್ಲ. ನಮ್ಮ ತಾಲ್ಲೂಕುಗಳಲ್ಲಿ ಸಾಗಣೆಯ ಕಾರಣ ಕೆಲವು ರೂಪಾಯಿಗಳ ವ್ಯತ್ಯಾಸವಿರುತ್ತದೆ, ಮನೆ ಬಾಗಿಲಿಗೆ ತಂದವರ ಕೈಗೆ ಕೊಡುವ ಚಿಲ್ಲರೆ ಬೇರೆ.

855ನ್ನು 125ರಿಂದ ಭಾಗಿಸಿದರೆ 6 ರೂಪಾಯಿ 84 ಪೈಸೆ. ಇನ್ನು ಕರೆಂಟಿನ ದರ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದೇಶದಂತೆ 2025-26ರಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಆ ಸಾಲಿಗೆ ನೌಕರರ ಪಿಂಚಣಿ ಬಾಬ್ತು 36 ಪೈಸೆ ಬೇರೆ. ಅದರ ಜೊತೆಗೆ ತೆರಿಗೆ, ಇಂಧನ ಹೊಂದಾಣಿಕೆಯ ಚಿಲ್ಲರೆ. ಎಲ್ಲ ಕೂಡಿದರೆ ಯೂನಿಟ್‌ಗೆ ಹತ್ತಿರಹತ್ತಿರ 7 ರೂಪಾಯಿ ಆಗುತ್ತಿತ್ತು. ಅಂದರೆ 2025ರ ಈ ದರಗಳಲ್ಲಿ ದುಡ್ಡು ಕೊಟ್ಟು ಎರಡನ್ನೂ ಕೊಳ್ಳುವವರಿಗೆ ಲೀಟರ್ ನೀರು ಕುದಿಸಲು ಗ್ಯಾಸಿನಲ್ಲಿ ಸುಮಾರು 68 ಪೈಸೆ, ಕರೆಂಟಿನಲ್ಲಿ ಸುಮಾರು 70 ಪೈಸೆ ಬೀಳುತ್ತಿತ್ತು. ಆಗ ತಕ್ಕಡಿ ಸಮಸಮ. ಇಂಥದ್ದೇ ಅಗ್ಗವೆಂದು ಆಗ ಜಗಳವಾಡಿದವರು ಎರಡು ಪೈಸೆಗೆ ಜಗಳವಾಡಿದರು ಎನ್ನಬೇಕು. 2023ರ ಮಾರ್ಚಿನ ಬೆಲೆಗೆ ಇದೇ ಲೆಕ್ಕ ಹಾಕಿದರೆ ಗ್ಯಾಸಿನದು ಲೀಟರಿಗೆ 88 ಪೈಸೆಯಾಗುತ್ತಿತ್ತು.

ಆದರೆ ಹಳ್ಳಿಯಲ್ಲಿ ಎಲ್ಲರೂ ಪೂರ್ತಿ ಬೆಲೆ ಕೊಡುವವರಲ್ಲ. ಬಿಲ್ಲುಗಳು ಬೇರೆಯಾಗುವುದು ಇಲ್ಲಿಂದಲೇ.

ಉಜ್ವಲ ಯೋಜನೆಯ ಸಂಪರ್ಕವಿರುವ ಮನೆಗಳಿಗೆ ಸಿಲಿಂಡರಿಗೆ 300 ರೂಪಾಯಿ ಸಹಾಯಧನವೆಂದು 2023ರ ಅಕ್ಟೋಬರಿನಲ್ಲಿ ಗೊತ್ತುಮಾಡಲಾಯಿತು. 2025ರಲ್ಲಿ ಆ ಮನೆಗೆ 855ರ ಸಿಲಿಂಡರ್ ಬೀಳುತ್ತಿದ್ದುದು 555ಕ್ಕೆ. 125ರಿಂದ ಭಾಗಿಸಿದರೆ 4 ರೂಪಾಯಿ 44 ಪೈಸೆ. ಅವರಿಗೆ ಲೀಟರಿಗೆ 45 ಪೈಸೆಯೊಳಗೆ ನೀರು ಕುದಿಯುತ್ತಿತ್ತು. 7 ರೂಪಾಯಿಯ ಕರೆಂಟಿನಲ್ಲಿ ನೀರು ಕಾಯಿಸುವುದು ಅವರಿಗೆ ಶುದ್ಧ ನಷ್ಟ. ಆದರೆ ಈ ಸಹಾಯಧನ ವರ್ಷದಲ್ಲಿ ಇಂತಿಷ್ಟೇ ಸಿಲಿಂಡರಿಗೆ ಎಂಬ ಮಿತಿಯುಂಟು. ಮೊದಲು 12 ಇದ್ದದ್ದನ್ನು 2025-26ನೇ ಸಾಲಿಗೆ 9ಕ್ಕೆ ಇಳಿಸಿದರು. ಸ್ನಾನದ ನೀರಿಗೂ ಗ್ಯಾಸನ್ನೇ ಉರಿಸಿದರೆ ಒಂಬತ್ತು ಸಿಲಿಂಡರು ಯುಗಾದಿಯವರೆಗೆ ಬರುವುದು ಕಷ್ಟ. ಹೇಗೆಂದು ಮುಂದೆ ಹೇಳುತ್ತೇನೆ.

ಇನ್ನು ಗೃಹಜ್ಯೋತಿ. "ಇನ್ನೂರು ಯೂನಿಟ್ ಬಿಟ್ಟಿ" ಎಂಬ ಮಾತು ಊರೆಲ್ಲ ಹರಡಿದೆ. ಅದು ಪೂರ್ತಿ ನಿಜವಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಎಂಬುದು ಹೊರಗಿನ ಬೇಲಿ ಮಾತ್ರ. ಬೇಲಿಯ ಒಳಗೆ ನಿಮ್ಮ ನಿಮ್ಮ ಪಾಲು ಬೇರೆ. 2022-23ನೇ ಸಾಲಿನಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಬರುವುದು ನಿಮ್ಮ ಪಾಲು. ಆ ವರ್ಷ 58 ಯೂನಿಟ್ ಸುಟ್ಟ ಮನೆಗೆ ಸುಮಾರು 64, 120 ಸುಟ್ಟ ಮನೆಗೆ 132. ತೀರ ಕಡಿಮೆ ಬಳಸುತ್ತಿದ್ದ ಮನೆಗಳಿಗೆ, ಅಂದರೆ 48 ಯೂನಿಟ್‌ವರೆಗಿನವರಿಗೆ, ಶೇಕಡ ಹತ್ತರ ಬದಲು ಹತ್ತು ಯೂನಿಟ್ಟನ್ನೇ ಸೇರಿಸಿ ಕೊಡಬೇಕೆಂದು 2024ರ ಜನವರಿಯಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಪಾಲಿನೊಳಗೆ ಇದ್ದರೆ ಬಿಲ್ಲು ಸೊನ್ನೆ. ಪಾಲು ಮೀರಿದರೆ ಮೀರಿದ ಯೂನಿಟ್‌ಗಳಿಗೆ ದುಡ್ಡು. 200 ದಾಟಿತೋ, ಆ ತಿಂಗಳ ಬಿಲ್ಲು ಪೂರ್ತಿ ನಿಮ್ಮದೇ.

ಇದರಲ್ಲಿ ಒಂದು ಅನ್ಯಾಯವಿದೆ ಎಂಬುದು ನನ್ನ ಸ್ವಂತ ಅಭಿಪ್ರಾಯ. ಆ ವರ್ಷ ಹೆಂಗಸರು ಕಷ್ಟಪಟ್ಟು ಸೌದೆ ಹೊತ್ತು ತಂದು ಹಂಡೆ ಕಾಯಿಸಿದ ಮನೆಗೆ ಪಾಲು ಕಡಿಮೆ. ಗೀಸರ್ ಹಾಕಿಕೊಂಡು ನೀರು ಸುರಿದುಕೊಂಡ ಮನೆಗೆ ಪಾಲು ಹೆಚ್ಚು. ಹಿತಮಿತವಾಗಿ ಬಳಸಿದವರಿಗೆ ಹಿತಮಿತದ ಪಾಲೇ ಗಂಟು ಬಿತ್ತು. ಇಂಥ ಅಳತೆಯಿಂದ ಖಜಾನೆಯ ಹೊರೆಗೆ ಒಂದು ಮಿತಿ ಹಾಕಿದಂತಾಯಿತು ಎಂಬುದೂ ನಿಜ. ಏಕೆಂದರೆ ಈ ಸೊನ್ನೆ ಬಿಲ್ಲಿನ ದುಡ್ಡನ್ನು ಸರ್ಕಾರ ಸೆಸ್ಕ್‌ನಂಥ ವಿದ್ಯುತ್ ಕಂಪನಿಗಳಿಗೆ ಕಟ್ಟಬೇಕು. ಆದರೂ ಮನೆಯಲ್ಲಿರುವ ತಲೆಗಳನ್ನು ನೋಡಿ ಪಾಲು ಹಂಚಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು. ಹೋಗಲಿ, ಈಗಿರುವ ನಿಯಮದೊಳಗೆ ನಿಮ್ಮ ಮನೆಗೆ ಯಾವುದು ಲಾಭವೆಂಬುದನ್ನು ನೋಡೋಣ.

64 ಯೂನಿಟ್ ಪಾಲಿರುವ ಒಂದು ಮನೆಯನ್ನು ತೆಗೆದುಕೊಳ್ಳಿ. ಐದು ಜನ. ದೀಪ, ಎರಡು ಫ್ಯಾನು, ಟೀವಿ, ಮಿಕ್ಸಿ, ಮೊಬೈಲು ಎಲ್ಲ ಸೇರಿ ತಿಂಗಳಿಗೆ 45 ಯೂನಿಟ್ ಹೋಗುತ್ತದೆ ಎನ್ನಿ. ಉಳಿದದ್ದು 19. ಬಳಸಿದರೂ ಬಿಲ್ಲು ಸೊನ್ನೆ, ಬಿಟ್ಟರೂ ಸೊನ್ನೆ. ಮುಂದಿನ ತಿಂಗಳಿಗೆ ಉಳಿತಾಯವಾಗುವ ಹಾಗಿಲ್ಲ. ಈ 19 ಯೂನಿಟ್‌ನಿಂದ 190 ಲೀಟರ್ ನೀರು ಕುದಿಯುತ್ತದೆ. ದಿನಕ್ಕೆ ಆರು ಲೀಟರ್. ಬೆಳಗಿನ ಕಾಫಿ, ಮಗುವಿನ ಹಾಲಿನ ಲೋಟ ತೊಳೆಯುವ ಬಿಸಿನೀರು, ವಯಸ್ಸಾದವರಿಗೆ ಕುಡಿಯುವ ಕಾದಾರಿದ ನೀರು, ರಾಗಿ ಮುದ್ದೆಗೆ ಇಡುವ ಎಸರು, ಇಷ್ಟಕ್ಕೆ ಸಾಲುತ್ತದೆ. ಎಸರನ್ನು ಕೆಟಲಿನಲ್ಲಿ ಕುದಿಸಿ ಪಾತ್ರೆಗೆ ಸುರಿದುಕೊಂಡು ಗ್ಯಾಸಿನ ಮೇಲೆ ಹಿಟ್ಟು ಹಾಕಿದರೆ ಮುದ್ದೆಯ ರುಚಿಯೇನೂ ಕೆಡುವುದಿಲ್ಲ. ಈ ರೀತಿಯಲ್ಲಿ ತಿಂಗಳಿಗೆ ಸಿಲಿಂಡರಿನ ಏಳನೆಯ ಒಂದು ಪಾಲು ಉಳಿಯುತ್ತದೆ. 2025ರ ಬೆಲೆಯಲ್ಲಿ ಪೂರ್ತಿ ಬೆಲೆ ಕೊಡುವವರಿಗೆ ಸುಮಾರು 130 ರೂಪಾಯಿ, ಉಜ್ವಲದವರಿಗೆ 84 ರೂಪಾಯಿ. ಒಂದು ಸಾಧಾರಣ ಕೆಟಲಿನ ಬೆಲೆ ವರ್ಷದೊಳಗೆ ಹುಟ್ಟುತ್ತದೆ.

ಅದೇ ಮನೆಯವರು ಸ್ನಾನಕ್ಕೂ ಕಾಯಿಲ್ ಇಳಿಬಿಟ್ಟರೆ ಏನಾಗುತ್ತದೆ? 20 ಲೀಟರಿನ ಒಂದು ಬಕೆಟ್ಟನ್ನು 20 ಡಿಗ್ರಿ ಏರಿಸಲು 400 ಕಿಲೋಕ್ಯಾಲೊರಿ, ಅಂದರೆ ಸೋರಿಕೆ ಸೇರಿ ಅರ್ಧ ಯೂನಿಟ್. ಐದು ಜನರಿಗೆ ದಿನಕ್ಕೆ ಎರಡೂವರೆ, ತಿಂಗಳಿಗೆ 75 ಯೂನಿಟ್! ಇಡೀ ಮನೆಯ ದೀಪ, ಫ್ಯಾನು, ಟೀವಿಗೆ ಹೋಗುವುದಕ್ಕಿಂತ ಇದು ಹೆಚ್ಚು. 45ಕ್ಕೆ 75 ಸೇರಿ 120 ಆಯಿತು. ಪಾಲು 64. ಮೀರಿದ್ದು 56 ಯೂನಿಟ್, 7 ರೂಪಾಯಿಯಂತೆ 392 ರೂಪಾಯಿ. "ಬಿಟ್ಟಿ ಕರೆಂಟು" ಎಂದು ನಂಬಿದವರ ಮನೆಗೆ ಬಂದ ನಾನೂರರ ಬಿಲ್ಲಿನ ಗುಟ್ಟು ಇದೇ. ಪಕ್ಕದ ಮನೆಯ ಪಾಲು 132 ಇದ್ದರೆ, ಅವರು ಅಷ್ಟೇ ನೀರು ಕಾಯಿಸಿ ಸೊನ್ನೆ ಬಿಲ್ಲು ತೋರಿಸುತ್ತಾರೆ.

ಆ 56 ಯೂನಿಟ್‌ನ ಕೆಲಸವನ್ನು ಗ್ಯಾಸಿನಲ್ಲಿ ಮಾಡಿದರೆ ಸಿಲಿಂಡರಿನ ಅರ್ಧಕ್ಕೆ ಸ್ವಲ್ಪ ಕಡಿಮೆ ಬೇಕು. 2025ರ ಬೆಲೆಯಲ್ಲಿ ಪೂರ್ತಿ ಬೆಲೆಯವರಿಗೆ 383 ರೂಪಾಯಿ, ಉಜ್ವಲದವರಿಗೆ ಸುಮಾರು 250. ಉಜ್ವಲದ ಮನೆಗೆ ತಿಂಗಳಿಗೆ 140 ರೂಪಾಯಿಯಷ್ಟು ಲಾಭ ಕಾಣುತ್ತದೆ. ಆದರೆ ವರ್ಷಕ್ಕೆ ಸ್ನಾನದ ನೀರಿಗೇ ಐದಾರು ಸಿಲಿಂಡರು ಖರ್ಚಾಗುತ್ತವೆ. ಅಡುಗೆಗೆ ಆರೇಳು ಬೇಕಲ್ಲವೆ? ಸಹಾಯಧನದ ಮಿತಿ ಮುಗಿದ ಮೇಲೆ ಪೂರ್ತಿ ಬೆಲೆ. ಆದ್ದರಿಂದ ಉಜ್ವಲದ ಸಿಲಿಂಡರನ್ನು ಅಡುಗೆಗೆ ಮೀಸಲಿಡುವುದೇ ಜಾಣತನ.

ದೊಡ್ಡ ಪಾಲಿನ ಮನೆಯವರೂ ಮೈಮರೆಯುವಂತಿಲ್ಲ. 190 ಯೂನಿಟ್ ಪಾಲಿನ ಒಂದು ಮನೆ ತಿಂಗಳಿಗೆ 199 ಯೂನಿಟ್ ಬಳಸಿದರೆ ಒಂಬತ್ತು ಯೂನಿಟ್‌ನ ದುಡ್ಡು ಬೀಳುತ್ತದೆ, ಅರವತ್ತು ಚಿಲ್ಲರೆ. ಅದೇ ಮನೆ 201 ಬಳಸಿದರೆ 201 ಯೂನಿಟ್‌ಗೂ ಕಟ್ಟಬೇಕು, ಸಾವಿರದ ನಾನೂರು ದಾಟುತ್ತದೆ. ನಿಗದಿತ ಶುಲ್ಕ ಬೇರೆ. ಕೊನೆಯ ಎರಡು ಯೂನಿಟ್, ಅಂದರೆ ನಾಲ್ಕು ಬಕೆಟ್ ಬಿಸಿನೀರಿನ ಬೆಲೆ ಸಾವಿರದ ಮುನ್ನೂರು ರೂಪಾಯಿಗಿಂತ ಹೆಚ್ಚಾಯಿತು. ಮದುವೆ, ತಿಥಿ, ಹಬ್ಬವೆಂದು ನೆಂಟರು ಬಂದ ತಿಂಗಳಲ್ಲಿ ಈ ಅಪಾಯ ಹೆಚ್ಚು. ತಿಂಗಳ ಇಪ್ಪತ್ತನೆಯ ದಿನ ಒಮ್ಮೆ ಮೀಟರ್ ನೋಡಿ, ಹಿಂದಿನ ಬಿಲ್ಲಿನ ಅಂಕಿಯನ್ನು ಕಳೆದು ನೋಡುವುದು ಒಳ್ಳೆಯ ಅಭ್ಯಾಸ.

ಹಾಗಾದರೆ ಸ್ನಾನದ ನೀರಿಗೆ ಏನು ಮಾಡಬೇಕು? ಇಲ್ಲಿ ಕೃಷಿಕನ ಮನೆಗೆ ಪಟ್ಟಣದವರಿಗಿಲ್ಲದ ಅನುಕೂಲವಿದೆ. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 3,500 ಕಿಲೋಕ್ಯಾಲೊರಿ ಇದೆ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಅದರ ಎಂಟನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆ, ಉಳಿದದ್ದು ಹೊಗೆ ಮತ್ತು ಗಾಳಿ. ಹಾಗಾಗಿ ಬಕೆಟ್ಟಿಗೊಂದು ಕಿಲೋ ಎಂದು ಹಿಡಿಯಿರಿ. ತಿಂಗಳಿಗೆ 150 ಕಿಲೋ. ಕೊಂಡು ತರುವವರು ಕಿಲೋಗೆ ನಾಲ್ಕು ರೂಪಾಯಿ ಕೊಟ್ಟರೂ 600 ರೂಪಾಯಿಯಾಯಿತು. ಗ್ಯಾಸಿಗಿಂತ, ಕರೆಂಟಿಗಿಂತ ದುಬಾರಿ, ಜೊತೆಗೆ ಕಣ್ಣುರಿ, ಕೆಮ್ಮು. ಸೌದೆ ಅಗ್ಗವೆಂಬ ಮಾತು ಸೌದೆ ಕೊಳ್ಳುವವರಿಗೆ ಸಲ್ಲದು.

ಆದರೆ ನಿಮ್ಮದೇ ಹೊಲದಲ್ಲಿ ಸಿಗುವ ಉರುವಲಿನ ಮಾತು ಬೇರೆ. ರೇಷ್ಮೆ ಮಾಡುವ ಮನೆಗಳಲ್ಲಿ ಹುಳು ಸೊಪ್ಪು ತಿಂದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಒಳ್ಳೆಯ ಸೌದೆ. ತೆಂಗಿನ ಮಟ್ಟೆ, ಕಾಯಿಸಿಪ್ಪೆ ಇದ್ದೇ ಇದೆ. ಇವನ್ನು ಒಣಗಿಸಿ, ಮಳೆಗೆ ನೆನೆಯದಂತೆ ಕೂಡಿಟ್ಟು, ಹೊಗೆ ಕೊಳವೆಯಿರುವ ಮುಚ್ಚಿದ ಒಲೆಯಲ್ಲಿ ಉರಿಸಿದರೆ ಅರ್ಧಕ್ಕಿಂತ ಕಡಿಮೆ ಸೌದೆಯಲ್ಲಿ ಕೆಲಸವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯನ್ನು ಹಿರಿಯರು ನೆನಪಿಟ್ಟಿರಬಹುದು. ಅದರ ತತ್ವವೇ ಇದು. ಬೆಂಕಿಯನ್ನು ಮುಚ್ಚಿ, ಗಾಳಿಯನ್ನು ಅಳೆದು ಬಿಡುವುದು. ಅನೇಕ ಮನೆಗಳಲ್ಲಿ ಒಲೆ ಕಿತ್ತರು, ತತ್ವವನ್ನೂ ಮರೆತರು. ಒಂದು ಮಾತು: ಕಬ್ಬಿನ ತರಗನ್ನು ಮಾತ್ರ ಒಲೆಗೆ ತರಬೇಡಿ, ಗದ್ದೆಯಲ್ಲೂ ಸುಡಬೇಡಿ. ಅದು ಕೂಳೆ ಕಬ್ಬಿನ ಸಾಲಿನ ನಡುವೆ ಹೊದಿಕೆಯಾಗಿ ಬಿದ್ದರೆ ತೇವ ಕಾಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಒಲೆಯಲ್ಲಿ ಅದು ಎರಡು ನಿಮಿಷದ ಭುಗಿಲು ಅಷ್ಟೆ.

ನಾಲ್ಕೈದು ದನ ಇರುವ ಮನೆಗೆ ಗೋಬರ್ ಗ್ಯಾಸ್ ಸ್ಥಾವರ ಈಗಲೂ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ದಿನಕ್ಕೆ 50 ಕಿಲೋ ಸಗಣಿ ಹಾಕುವ ಎರಡು ಘನಮೀಟರ್ ಸ್ಥಾವರದಿಂದ ಬರುವ ಅನಿಲ ಸುಮಾರು 850 ಗ್ರಾಂ ಅಡುಗೆ ಅನಿಲಕ್ಕೆ ಸಮ. ತಿಂಗಳಿಗೆ ಒಂದೂಮುಕ್ಕಾಲು ಸಿಲಿಂಡರಿನಷ್ಟು. ಅಡುಗೆಯೂ ಆಯಿತು, ಸ್ನಾನದ ನೀರೂ ಬಹುಪಾಲು ಆಯಿತು. ಹೊರಬರುವ ಬಗ್ಗಡ ಹೊಲಕ್ಕೆ. ದಿನವೂ ಸಗಣಿ ಕಲಸಿ ಹಾಕುವ ಬೇಸರವೊಂದನ್ನು ಬಿಟ್ಟರೆ ಇದಕ್ಕೆ ಮಾಸಿಕ ಬಿಲ್ಲಿಲ್ಲ. ಕೈಯಲ್ಲಿ ಒಟ್ಟಿಗೆ ಹಣ ಹಾಕುವ ಶಕ್ತಿಯಿದ್ದವರಿಗೆ ತಾರಸಿಯ ಮೇಲೆ ಸೌರ ಹಂಡೆಯೂ ಉಂಟು. 100 ಲೀಟರಿನದು ಬಿಸಿಲಿನ ದಿನ ಮೂರು ಮೂರೂವರೆ ಯೂನಿಟ್‌ನ ಕೆಲಸ ಮಾಡುತ್ತದೆ. ಶ್ರಾವಣದ ಮೋಡದಲ್ಲಿ ಅದಕ್ಕೂ ರಜೆ.

ಈಗ ಬಳಕೆಯ ಕೆಲವು ಮಾತು. ಕುಡಿಯುವ ನೀರನ್ನು ಹತ್ತು ಹದಿನೈದು ನಿಮಿಷ ಕುದಿಸುವವರಿದ್ದಾರೆ. ಅವಶ್ಯಕತೆಯಿಲ್ಲ. ಕೊತಕೊತನೆ ಉಕ್ಕಿ ಕುದಿಯಲು ಹತ್ತಿದ ಮೇಲೆ ಒಂದು ನಿಮಿಷ ಸಾಕು, ಕ್ರಿಮಿಗಳು ಸಾಯುತ್ತವೆ. ಅಲ್ಲಿಂದ ಮುಂದೆ ಹೋಗುವುದೆಲ್ಲ ಆವಿ. ಒಂದು ಲೀಟರ್ ನೀರು ಆವಿಯಾಗಲು 540 ಕಿಲೋಕ್ಯಾಲೊರಿ ಬೇಕು, ಕುದಿ ಬರಲು ಬೇಕಾದದ್ದರ ಏಳು ಪಟ್ಟು! ತಟ್ಟೆ ಮುಚ್ಚಿ ಕಾಯಿಸಿ, ಕುದಿ ಬಂದೊಡನೆ ಇಳಿಸಿ. ಇನ್ನೊಂದು ವಿಷಯವೆಂದರೆ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದ್ದರೆ ಕುದಿಸುವುದರಿಂದ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ.

ಗಡಸು ನೀರಿನ ಊರುಗಳಲ್ಲಿ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ. ಸುಣ್ಣ ದಪ್ಪವಾದಷ್ಟೂ ಒಳಗಿನ ತಂತಿ ಮಿತಿಮೀರಿ ಕಾದು ಬೇಗ ಸುಟ್ಟುಹೋಗುತ್ತದೆ. ಹುಣಸೆ ಹುಳಿಯಲ್ಲೋ ನಿಂಬೆ ಹುಳಿಯಲ್ಲೋ ರಾತ್ರಿ ನೆನೆಸಿ ಉಜ್ಜಿದರೆ ಬಿಡುತ್ತದೆ. ಪ್ಲಗ್ ಕಳಚಿಟ್ಟೇ ಈ ಕೆಲಸ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಸಂಜೆ ಹೊತ್ತು ವೋಲ್ಟೇಜ್ ಬೀಳುವುದು ನಿಮಗೆ ಹೊಸದಲ್ಲ. 230 ಇರಬೇಕಾದಲ್ಲಿ 170 ಇದ್ದರೆ 1,500 ವಾಟ್‌ನ ಕಾಯಿಲ್ 820 ವಾಟ್‌ನಷ್ಟೇ ಕೆಲಸ ಮಾಡುತ್ತದೆ. ನೀರು ಕಾಯಲು ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು. ಮೀಟರ್ ಕೂಡ ನಿಧಾನವಾಗಿಯೇ ಓಡುವುದರಿಂದ ಬಿಲ್ಲು ದುಪ್ಪಟ್ಟಾಗುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಬಕೆಟ್ಟಿನ ಮೇಲಿಂದ ಶಾಖ ಸೋರುತ್ತಿರುತ್ತದೆ. ಊರಿನವರೆಲ್ಲ ಬೆಳಗ್ಗೆ ಆರಕ್ಕೆ ಒಟ್ಟಿಗೆ ಕಾಯಿಲ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ತಡೆಯುವುದು ಹೇಗೆ? ಸಾಧ್ಯವಾದವರು ಹೊತ್ತು ಬದಲಿಸಿಕೊಳ್ಳಿ.

ತೋಟದ ಮನೆಯವರಲ್ಲಿ ಕೆಲವರು ಪಂಪ್‌ಸೆಟ್ಟಿನ ಲೈನಿನಿಂದ ತಂತಿ ಎಳೆದು ನೀರು ಕಾಯಿಸುತ್ತಾರೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟಿರುವುದು ಬೆಳೆಗೆ, ಬಚ್ಚಲಿಗಲ್ಲ. ಕಾನೂನು ಹಾಗಿರಲಿ, ಆ ತಂತಿಗೆ ಸರಿಯಾದ ಅರ್ಥಿಂಗ್ ಇರುವುದಿಲ್ಲ, ಫ್ಯೂಸ್ ಇರುವುದಿಲ್ಲ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಮುಟ್ಟುವ ಕೈ ಮನೆಯ ಹೆಂಗಸಿನದೋ ಮಗುವಿನದೋ ಆಗಿರುತ್ತದೆ. ಮನೆಯೊಳಗಿನ ಕಾಯಿಲ್ಲಿಗೂ ಇದೇ ಮಾತು. ಕಬ್ಬಿಣದ ಅಥವಾ ಅಲ್ಯೂಮಿನಿಯಂ ಬಕೆಟ್ಟಿನಲ್ಲಿ ಅದನ್ನು ಇಳಿಬಿಡಬೇಡಿ. ನೀರು ಕಾದಿದೆಯೇ ಎಂದು ಬೆರಳು ಅದ್ದುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮೂರು ಪಿನ್ನಿನ ಪ್ಲಗ್ಗಿನಿಂದ ಒಂದು ಪಿನ್ ಮುರಿದು ಎರಡರ ಸಾಕೆಟ್ಟಿಗೆ ತುರುಕುವ ರೂಢಿ ಬಿಡಿ. ಗ್ಯಾಸ್ ಗೀಸರ್ ಹಾಕಿಸಿಕೊಂಡವರು ಅದನ್ನು ಬಚ್ಚಲಿನ ಹೊರಗೋಡೆಗೆ ಹಾಕಿಸಿ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ತುಂಬಿಕೊಂಡು, ಸ್ನಾನಕ್ಕೆ ಹೋದವರು ಕೂಗುವುದಕ್ಕೂ ಶಕ್ತಿಯಿಲ್ಲದೆ ಬಿದ್ದುಬಿಡುತ್ತಾರೆ.

ಈ ಲೆಕ್ಕಗಳನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದು ದಿನ ಮನೆಯ ದೀಪ, ಫ್ಯಾನು ಎಲ್ಲ ಆರಿಸಿ, ಮೀಟರಿನ ಅಂಕಿ ಬರೆದುಕೊಂಡು, ಐದು ಲೀಟರ್ ನೀರನ್ನು ಕೆಟಲಿನಲ್ಲಿ ಎರಡು ಮೂರು ಸಲವಾಗಿ ಕುದಿಸಿ ಮತ್ತೆ ಅಂಕಿ ನೋಡಿ. ಅರ್ಧ ಯೂನಿಟ್ಟಿನ ಆಸುಪಾಸು ಬರಬೇಕು. ತೀರ ಹೆಚ್ಚು ಬಂದರೆ ಬೇರೆ ಏನೋ ಓಡುತ್ತಿದೆ, ಇಲ್ಲವೇ ವೈರಿಂಗ್‌ನಲ್ಲಿ ಸೋರಿಕೆಯಿದೆ. ಸಿಲಿಂಡರ್ ಬಂದಾಗ ಅದರ ಕುತ್ತಿಗೆಯ ಬಳಿ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಸೇರಿಸಿ ತೂಗಿಸಿಕೊಳ್ಳುವ ಹಕ್ಕು ನಿಮಗಿದೆ. ಹಚ್ಚಿದ ತಾರೀಖನ್ನು ಸೀಮೆಸುಣ್ಣದಿಂದ ಅದರ ಮೈಮೇಲೆ ಬರೆದಿಡಿ. ಕರೆಂಟು ಬಿಲ್ಲಿನಲ್ಲಿ ಮುದ್ರಿತವಾಗಿರುವ ನಿಮ್ಮ ಅರ್ಹ ಯೂನಿಟ್ ಎಷ್ಟೆಂದು ಇವತ್ತೇ ನೋಡಿ. ಓದಲು ಬಾರದ ನೆರೆಯವರಿದ್ದರೆ ಅವರ ಬಿಲ್ಲನ್ನೂ ವಾಚನಾಲಯಕ್ಕೆ ತರಿಸಿ ಓದಿ ಹೇಳಿ.